ದಾರ್ಕಾಳ ಗ್ಯಾರೇಜಿನ ಗೂಳಿ

ವೆರ್ಬಾ ಊರಿನ ಸಮುದಾಯ ಭವನದ ಬಾಯ್ಲರ್ ಡಿಸೆಂಬರ್ ಮೊದಲ ವಾರದಲ್ಲಿ ಒಡೆದುಹೋಯಿತು. ಅದೂ ಎಂಟು ಮಂದಿ ಹೆಂಗಸರು ಕೆಂಪು ಬೂಟು ಹಾಕಿಕೊಂಡು ಕುಣಿಯುವುದಕ್ಕೆ ಸಾಲಾಗಿ ನಿಂತಿದ್ದ ಹೊತ್ತಿನಲ್ಲೇ. ನೆಲಮಾಳಿಗೆಯಲ್ಲಿ ಹಂಡೆ ಬಿದ್ದಂಥ ಸದ್ದಾಯಿತು, ಗೋಡೆಯ ಕೊಳವೆಗಳು ಒಮ್ಮೆ ನರಳಿದವು, ಆಮೇಲೆ ತಣ್ಣಗಾದವು. ಸ್ವಲ್ಪ ಹೊತ್ತಿಗೆಲ್ಲ ಬಾಯಿ ಬಿಟ್ಟರೆ ಹಬೆ ಬರುವಷ್ಟು ಚಳಿ ಒಳಗೆ ಬಂದು ಕೂತಿತು. ರಿಪೇರಿಯವನು ಬಂದು ನೋಡಿ, ಸಾಮಾನು ದೂರದ ವಿನಿಪೆಗ್ ನಗರದಿಂದ ಬರಬೇಕು, ಮಲಾಂಕಾ ಹೊತ್ತಿಗೆ ಆದರೆ ಆದೀತು ಎಂದು ಹೇಳಿ ಹೋದ.

ಮಲಾಂಕಾ ಇದ್ದದ್ದು ಜನವರಿ ಹದಿಮೂರಕ್ಕೆ, ಹಳೆಯ ಪಂಚಾಂಗದ ವರ್ಷ ಮುಗಿಯುವ ದಿನ. ಅವತ್ತು ಇಡೀ ಊರು ಭವನದಲ್ಲಿ ಸೇರಿ ಉಂಡು ಕುಣಿಯುವುದು ವಾಡಿಕೆ. ಹೋದ ವರ್ಷ ಅಲ್ಲಿ ವೇದಿಕೆ ಮೇಲಿದ್ದ ನಿರೂಪಕ, "ನಮ್ಮೂರ ಅಜ್ಜಿಯರು ಕಡುಬು ಮಡಿಸೋದ್ರಲ್ಲಿ ಎತ್ತಿದ ಕೈ, ಆದ್ರೆ ಕಾಲು ಎತ್ತಿ ಅಂದ್ರೆ ಮಾತ್ರ ಕಷ್ಟ" ಎಂದು ಹೇಳಿ ಎಲ್ಲರನ್ನೂ ನಗಿಸಿದ್ದ. ನಗದೆ ಕೂತಿದ್ದವಳು ಸ್ಟೆಫ್ಕಾ ಒಬ್ಬಳೇ. ಅವಳು ಅವತ್ತೇ ತೀರ್ಮಾನ ಮಾಡಿದ್ದಳು, ಮುಂದಿನ ವರ್ಷ ಕಾಲು ಎತ್ತಿ ತೋರಿಸುವುದೆಂದು. ತಾನೂ ಸೇರಿ ಅರವತ್ತರ ಆಚೀಚೆಯ ಎಂಟು ಜನರ ತಂಡ ಕಟ್ಟಿಕೊಂಡು ಸೆಪ್ಟೆಂಬರಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಕುಣಿಸುತ್ತಿದ್ದಳು.

ಬಾಯ್ಲರ್ ಒಡೆದ ದಿನ ಕೋಟು ಹಾಕಿಕೊಳ್ಳುತ್ತಾ ಸ್ಟೆಫ್ಕಾ ದಾರ್ಕಾಳ ಕಡೆ ತಿರುಗಿದಳು. ಸ್ಟೆಫ್ಕಾಳ ಮಗಳಿಗೆ ದೀಕ್ಷಾಸ್ನಾನದ ದಿನ ಧರ್ಮತಾಯಿಯಾಗಿ ನಿಂತವಳು ದಾರ್ಕಾ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು "ಕುಮಾ" ಎಂದೇ.

"ನಿನ್ನ ಗ್ಯಾರೇಜು ಎರಡು ಕಾರು ಹಿಡಿಯೋದಲ್ವೇನೇ ಕುಮಾ?"

"ಕಾರು ಎರಡು ಹಿಡಿಯತ್ತೆ. ಎಂಟು ಅಜ್ಜೀರು ಹಿಡೀತಾರೋ ಇಲ್ವೋ ನೋಡಿಲ್ಲ."

"ಹೊಟ್ಟೆ ಒಳಗೆಳ್ಕೊಂಡ್ರೆ ಹಿಡೀತೀವಿ ಬಿಡು."

"ಅಲ್ಲಿ ಹೊರಗಿನಷ್ಟೇ ಚಳಿ ಕಣೇ. ಹೋದ ವಾರ ಅಲ್ಲಿಟ್ಟಿದ್ದ ಉಪ್ಪಿನಕಾಯಿ ಜಾಡಿ ಸೀಳಿಹೋಯ್ತು."

"ಅದಕ್ಕೇನಾದ್ರೂ ಮಾಡು. ಮೂವತ್ತು ವರ್ಷ ಶಾಲೆ ಬಸ್ಸು ಓಡಿಸಿದವಳು ನೀನು. ಒಂದು ಗ್ಯಾರೇಜು ಬಿಸಿ ಮಾಡೋದು ದೊಡ್ಡದಾ?"

ದಾರ್ಕಾಗೆ ಅರವತ್ತಮೂರು. ಗಟ್ಟಿ ಆಳು, ಅಗಲವಾದ ಭುಜ, ಹಿಂದಿನ ಸೀಟಿನ ತುಂಟರನ್ನು ಒಂದೇ ಕೂಗಿಗೆ ಕೂರಿಸುತ್ತಿದ್ದ ಗಂಟಲು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬಳೇ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ನಾನು ಬಸ್ಸು ನಿಲ್ಲಿಸಿದ್ದೆ, ಸ್ಟಾಪಲ್ಲಿ ಯಾರೂ ಇರ್ಲಿಲ್ಲ" ಎಂದು ನಕ್ಕುಬಿಡುತ್ತಿದ್ದಳು. ಆ ನಗುವಿನ ಹಿಂದೆ ಏನಾದರೂ ಇದೆಯೇ ಎಂದು ಅವಳೂ ತಿರುಗಿ ನೋಡಿಕೊಂಡವಳಲ್ಲ.

ಗ್ಯಾರೇಜಿನ ವಿಷಯಕ್ಕೆ ಅವಳಿಗೆ ನೆನಪಾದದ್ದು ಪಕ್ಕದ ಮನೆಯ ಝೆನಾನ್ ಬೊಯ್ಕೊ. ಟ್ರ್ಯಾಕ್ಟರು, ಕಟಾವಿನ ಯಂತ್ರಗಳನ್ನು ರಿಪೇರಿ ಮಾಡುತ್ತಾ ಬದುಕು ಸವೆಸಿದವನು, ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಮಾತು ಕಡಿಮೆ. ಹಿಮ ಬಿದ್ದ ಬೆಳಗ್ಗೆ ದಾರ್ಕಾ ಏಳುವಷ್ಟರಲ್ಲಿ ಅವಳ ಅಂಗಳದ ಹಿಮವನ್ನೂ ತನ್ನ ಯಂತ್ರದಿಂದ ಎತ್ತಿ ಬದಿಗೆ ಹಾಕಿರುತ್ತಿದ್ದ. ಅವಳು ಅವನ ಮೆಟ್ಟಿಲ ಮೇಲೆ ಒಂದು ಬಾಟಲಿ ಬೀಟ್‌ರೂಟ್ ಉಪ್ಪಿನಕಾಯಿ ಇಟ್ಟು ಬರುತ್ತಿದ್ದಳು. ಇಬ್ಬರ ನಡುವಿನ ವ್ಯವಹಾರ ಅಷ್ಟೇ.

"ನಿನ್ನ ಹತ್ರ ಆ ಕೂಗೋ ಹೀಟರ್ ಇತ್ತಲ್ಲ?" ಎಂದು ಅವಳು ಬೇಲಿಯಾಚೆಯಿಂದ ಕೇಳಿದಳು.

"ಗೂಳೀನಾ? ಇದೆ."

"ಮಲಾಂಕಾ ತನಕ ಕೊಡ್ತೀಯಾ? ನಾವು ಕುಣೀಬೇಕು."

ಅವನು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಕುಣೀಬೇಕಾ?" ಎಂದ. ಆಮೇಲೆ, "ತರ್ತೀನಿ. ಆದ್ರೆ ನಾನೂ ಬರ್ತೀನಿ. ಅದನ್ನ ಬೇರೆ ಯಾರೂ ಮುಟ್ಟೋ ಹಾಗಿಲ್ಲ."

ಮುಂದಿನ ಶನಿವಾರ ಅವನು ಗೂಳಿಯನ್ನು ತಳ್ಳಿಕೊಂಡು ಬಂದ. ಕೆಂಪು ಬಣ್ಣ ಅರ್ಧ ಸುಲಿದ ಉದ್ದನೆಯ ತಗಡಿನ ಕೊಳವೆ, ಅದರ ಹೊಟ್ಟೆಗೆ ಸೀಮೆಎಣ್ಣೆಯ ಟ್ಯಾಂಕು, ಹಿಂದೆ ಒಂದು ಫ್ಯಾನು, ಕೆಳಗೆ ಎರಡು ಚಕ್ರ. ಬಂದವನು ಮೊದಲು ಹೀಟರಿಗೆ ಕೈ ಹಚ್ಚಲಿಲ್ಲ. ಗ್ಯಾರೇಜಿನಲ್ಲಿದ್ದ ಪೆಟ್ರೋಲ್ ಕ್ಯಾನು, ಪೇಂಟಿನ ಡಬ್ಬಿಗಳನ್ನು ಒಂದೊಂದಾಗಿ ಹಿತ್ತಿಲ ಕೊಟ್ಟಿಗೆಗೆ ಸಾಗಿಸಿದ. ಹಿಮದ ಸ್ಕೂಟರನ್ನು ಹೊರಗೆ ತಳ್ಳಿದ. ದೊಡ್ಡ ಬಾಗಿಲನ್ನು ನೆಲದಿಂದ ಒಂದು ಗೇಣು ಎತ್ತಿ ಅಡಿಗೆ ಮರದ ತುಂಡು ಕೊಟ್ಟ.

"ಅದೇನು ಮಾಡ್ತಿದ್ದೀಯ ಮಾರಾಯ, ಬಿಸಿ ಮಾಡೋಕೆ ಬಂದು ಬಾಗಿಲು ತೆಗೀತೀಯಲ್ಲ?" ಎಂದಳು ಸ್ಟೆಫ್ಕಾ.

"ಬೆಂಕಿ ಉಸಿರಾಡ್ಬೇಕು, ನೀವೂ ಉಸಿರಾಡ್ಬೇಕು. ಬಾಗಿಲು ಮುಚ್ಚಿದ್ರೆ ಇದರ ಹೊಗೆ ವಾಸನೆ ಇಲ್ದೇನೇ ಮಲಗಿಸಿಬಿಡತ್ತೆ. ಕುಣಿಯೋದಿರ್ಲಿ, ಏಳೋದೂ ಇಲ್ಲ." ಹಾಗೆಂದು ಜೇಬಿನಿಂದ ಅಂಗೈಯಗಲದ ಒಂದು ಬಿಳಿ ಡಬ್ಬಿ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದ. "ಆ ಹೊಗೆ ಬಂದ್ರೆ ಇದು ಕೂಗತ್ತೆ. ಕೂಗಿದ್ರೆ ಹಿಂದೆಮುಂದೆ ನೋಡ್ದೆ ಹೊರಗೆ ಓಡೋದು. ಕೋಟು ಹುಡುಕ್ಕೊಂಡು ನಿಲ್ಲೋದಲ್ಲ."

ಆಮೇಲೆ ಗೂಳಿಯ ಗುಂಡಿ ಒತ್ತಿದ. ಅದು ಎರಡು ಸಲ ಕೆಮ್ಮಿತು, ಬಾಯಲ್ಲಿ ಕಿತ್ತಳೆ ಬಣ್ಣದ ಬೆಂಕಿ ಹುಟ್ಟಿತು, ಮರುಕ್ಷಣವೇ ವಿಮಾನ ಅಂಗಳದಲ್ಲಿ ಇಳಿದಂತೆ ಗರ್ಜಿಸಿತು. ಗೋಡೆಯ ಮೇಲಿನ ಸ್ಪ್ಯಾನರುಗಳು ಕಿಣಿಕಿಣಿ ಎಂದವು. ಬೆಚ್ಚನೆಯ ಗಾಳಿ ಹೆಂಗಸರ ಲಂಗಗಳನ್ನೆಲ್ಲ ಒಂದೇ ಸಲಕ್ಕೆ ಹಿಂದಕ್ಕೆ ಹಾರಿಸಿತು. ಸ್ಟೆಫ್ಕಾ ಟೇಪ್‌ರೆಕಾರ್ಡರ್ ಹಾಕಿ ಬಾಯಿ ಆಡಿಸಿದಳು. ಹಾಡೂ ಕೇಳಲಿಲ್ಲ, ಅವಳ ಮಾತೂ ಕೇಳಲಿಲ್ಲ. ನಾಲ್ವರು ಬಲಕ್ಕೆ ತಿರುಗಿದರು, ನಾಲ್ವರು ಎಡಕ್ಕೆ. ದಾರ್ಕಾ ಹೋಗಿ ಫ್ರೀಜರಿಗೆ ಢಿಕ್ಕಿ ಹೊಡೆದಳು.

ಕಡೆಗೆ ಉಪಾಯ ಮಾಡಿಕೊಂಡರು. ಗೂಳಿ ಗ್ಯಾರೇಜನ್ನು ಚೆನ್ನಾಗಿ ಬೇಯಿಸಬೇಕು, ಆಮೇಲೆ ಅದನ್ನು ಆರಿಸಿ ಹಾಡು ಹಾಕಬೇಕು, ಚಳಿ ವಾಪಸ್ಸು ಬರುವುದರೊಳಗೆ ಎಷ್ಟು ಸಾಧ್ಯವೋ ಅಷ್ಟು ಕುಣಿಯಬೇಕು. ಗೂಳಿ ಸುಮ್ಮನಾದ ಕ್ಷಣದಿಂದ ಬಾಗಿಲ ಕೆಳಗಿನ ಗೇಣಿನಿಂದ ಮೈನಸ್ ಮೂವತ್ತರ ಗಾಳಿ ನೆಲದ ಮೇಲೆ ತೆವಳಿ ಬರುತ್ತಿತ್ತು. ಮೊದಲು ಹಿಮ್ಮಡಿಗೆ ತಾಗುವುದು, ಆಮೇಲೆ ಮೊಣಕಾಲಿಗೆ. ಮೊಣಕಾಲಿಗೆ ತಾಗಿದರೆ ಕುಣಿತ ಮುಗಿದಂತೆ. ಹಾಗಾಗಿ ಹಾಡಿಗಿಂತ ಮುಂದೆ ಓಡತೊಡಗಿದರು. ನಿಧಾನದ ಕುಣಿತ ವಾರದಿಂದ ವಾರಕ್ಕೆ ಚುರುಕಾಯಿತು. ಇದು ಭವನದಲ್ಲಿ ಕಲಿತದ್ದಕ್ಕಿಂತ ಚೆನ್ನಾಗಿದೆ ಎಂದು ಸ್ಟೆಫ್ಕಾ ಒಳಗೊಳಗೇ ಹಿಗ್ಗಿದಳು.

ಝೆನಾನ್ ಮೂಲೆಯಲ್ಲಿ ಬಕೆಟ್ ಮಗುಚಿ ಅದರ ಮೇಲೆ ಕೂರುತ್ತಿದ್ದ. ಮೊದಲ ವಾರ ಪೂರ್ತಿ ಗೂಳಿಯನ್ನೇ ನೋಡಿದ. ಎರಡನೇ ವಾರ ಅವನ ಬೂಟಿನ ತುದಿ ತಾಳ ಹಾಕುವುದು ದಾರ್ಕಾಳ ಕಣ್ಣಿಗೆ ಬಿತ್ತು. ಮೂರನೇ ವಾರ, ಯಾರೂ ಕೇಳದಿದ್ದರೂ, "ಕೊನೇ ಸಾಲಲ್ಲಿ ಇಬ್ರು ಒಂದು ಹೆಜ್ಜೆ ನುಂಗ್ತಿದ್ದೀರ" ಎಂದ.

ಅದರ ಮರುವಾರ ಅವರಲ್ಲೊಬ್ಬಳಾದ ನಾಡಿಯಾ ಚರ್ಚಿನ ಮೆಟ್ಟಿಲ ಮೇಲೆ ಜಾರಿ ಪಾದ ಉಳುಕಿಸಿಕೊಂಡಳು. ಅವಳು ದಾರ್ಕಾಳ ಜೊತೆಗಾತಿ. ಏಳು ಜನ ಉಳಿದರು, ಜೋಡಿ ಕುಣಿತಕ್ಕೆ ಒಬ್ಬರು ಕಡಿಮೆ. ಸ್ಟೆಫ್ಕಾ ಸೊಂಟದ ಮೇಲೆ ಕೈಯಿಟ್ಟು ಬಕೆಟ್ಟಿನ ಕಡೆ ನೋಡಿದಳು.

"ಎದ್ದೇಳು."

"ನಾನು ಹೀಟರ್ ನೋಡ್ಕೊಳ್ಳೋಕೆ ಬಂದವನು," ಎಂದ ಝೆನಾನ್.

"ಅದೇನು ಎದ್ದು ಓಡಿಹೋಗಲ್ಲ. ಹೆಜ್ಜೆ ನುಂಗಿದ್ರು ಅಂತ ಹೇಳೋಕೆ ಬರತ್ತಲ್ಲ, ಬಾ, ನುಂಗ್ದೆ ತೋರ್ಸು."

ಅವನು ಎದ್ದ. ಕಾಲಲ್ಲಿ ಉಣ್ಣೆಯ ಒಳಪದರದ ದೊಡ್ಡ ಹಿಮದ ಬೂಟು. ಹಾಡು ಶುರುವಾಯಿತು, ಎಲ್ಲರೂ ಬಲಕ್ಕೆ ತಿರುಗಿದರು, ಅವನು ಎಡಕ್ಕೆ ತಿರುಗಿ ಕಪಾಟಿಗೆ ಬಡಿದ. ಮೇಲಿದ್ದ ಕ್ರಿಸ್‌ಮಸ್ ಕಾಲದ ಪ್ಲಾಸ್ಟಿಕ್ ದೀಪಗಳ ಸರ ಬಿಚ್ಚಿಕೊಂಡು ಅವನ ಕೊರಳಿಗೆ ಬಿತ್ತು. ಅವನು ಅದನ್ನು ತೆಗೆಯುವ ಗೋಜಿಗೆ ಹೋಗದೆ, ದೀಪದ ಮಾಲೆ ಹಾಕಿಕೊಂಡೇ, ಗಂಭೀರವಾಗಿ ಮುಂದಿನ ಹೆಜ್ಜೆ ಹಾಕಿದ. ದಾರ್ಕಾಗೆ ನಗು ತಡೆಯಲಾಗಲಿಲ್ಲ. ಅವಳು ಫ್ರೀಜರಿನ ಮೇಲೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ತನ್ನ ಹೊಟ್ಟೆಯಲ್ಲಿ ಇಷ್ಟು ನಗು ಉಳಿದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಆ ಸೋಮವಾರ ಅವನು ಬಾಗಿಲು ತಟ್ಟಿದ.

"ಆ ನಾಲ್ಕನೇ ತಿರುವು ಮರೆತುಹೋಯ್ತು," ಎಂದ, ಮೆಟ್ಟಿಲು ನೋಡುತ್ತಾ.

"ಬಾ, ತೋರಿಸ್ತೀನಿ."

ಗ್ಯಾರೇಜಿಗೆ ಹೋದರು. ಅವನು ಬಾಗಿಲು ಎತ್ತಿ ತುಂಡು ಕೊಟ್ಟು ಗೂಳಿ ಹಚ್ಚಿದ. ಇಬ್ಬರೇ ಇದ್ದದ್ದರಿಂದ ಆರಿಸುವ ಗೋಜೇ ಬೇಡವೆಂದು ಹಾಡಿಲ್ಲದೆ ಕುಣಿದರು. ಮಾತು ಕೇಳುತ್ತಿರಲಿಲ್ಲ, ಅವಳು ಅವನ ಅಂಗೈಯ ಮೇಲೆ ಬೆರಳಿನಿಂದ ಒಂದು, ಎರಡು, ಮೂರು ಎಂದು ಒತ್ತುತ್ತಿದ್ದಳು. ಗ್ರೀಸು, ಕಬ್ಬಿಣಗಳಲ್ಲಿ ಬೆಳೆದ ಒರಟು ಕೈ. ಆದರೆ ಲೆಕ್ಕ ತಪ್ಪಲಿಲ್ಲ. ಬುಧವಾರ ಐದನೇ ತಿರುವು ಮರೆತುಹೋಯಿತು ಎಂದು ಬಂದ. ಶುಕ್ರವಾರ ಮೊದಲನೆಯದೇ ಮರೆತಿತ್ತು. ದಾರ್ಕಾ ಕೂದಲು ಬಾಚಿಕೊಂಡು ತಯಾರಾಗಿಯೇ ಇದ್ದಳು.

ಮಲಾಂಕಾಗೆ ಮುಂಚಿನ ಶನಿವಾರ ಕೊನೆಯ ತಾಲೀಮು. ಎಲ್ಲರ ಮೈಯಲ್ಲೂ ಏನೋ ಹೊಕ್ಕಂತಿತ್ತು. ಒಬ್ಬಳು ಕಸೂತಿ ಅಂಗಿಯನ್ನು ತಿರುಗುಮುರುಗು ಹಾಕಿಕೊಂಡು ಬಂದಳೆಂದು ನಕ್ಕರು. ಅವಳು ಸರಿಮಾಡಿಕೊಂಡು ಬಂದಳೆಂದೂ ನಕ್ಕರು. ಗೂಳಿ ಮೂಲೆಯಲ್ಲಿ ಆರ್ಭಟಿಸುತ್ತಿತ್ತು. ದಾರ್ಕಾಳ ಕೆನ್ನೆ ಸುಡುತ್ತಿತ್ತು, ತಲೆ ಹಗುರವಾಗಿತ್ತು, ನೆಲ ಕಾಲಿಗೆ ಸರಿಯಾಗಿ ಸಿಗದಂತಿತ್ತು. ಝೆನಾನ್ ಎದುರಿಗೆ ನಿಂತಿದ್ದ. ಅವನೂ ಕೆಂಪಗಾಗಿದ್ದ. ಅವನು ಏನೋ ಹೇಳಿದ.

"ಏನು?" ಎಂದಳು ದಾರ್ಕಾ.

ಅವನು ಹತ್ತಿರ ಬಂದು ಮತ್ತೆ ಹೇಳಿದ. ಗೂಳಿ ಅದನ್ನೂ ತಿಂದಿತು.

"ಕೇಳಿಸ್ತಿಲ್ಲ, ಜೋರಾಗಿ ಹೇಳೋ ಮಾರಾಯ."

ಅದೇ ಹೊತ್ತಿಗೆ ಆಚೆ ಮೂಲೆಯಲ್ಲಿ ಸ್ಟೆಫ್ಕಾಗೆ ತಾಳ್ಮೆ ಮುಗಿದಿತ್ತು. ಹೀಟರಿನ ಯಜಮಾನ ಎಲ್ಲೋ ನೋಡುತ್ತಿದ್ದಾನೆ, ಗ್ಯಾರೇಜು ಕಾದಾಗಿದೆ, ಹಾಡು ಹಾಕಬೇಕು. ಅವಳು ಬಗ್ಗಿ ಗುಂಡಿ ಒತ್ತಿಬಿಟ್ಟಳು. ಗೂಳಿ ತಟ್ಟನೆ ಬಾಯಿ ಮುಚ್ಚಿತು. ಆ ನಿಶ್ಶಬ್ದದ ನಟ್ಟನಡುವೆ, ಎದೆ ತುಂಬ ಗಾಳಿ ಎಳೆದುಕೊಂಡು ಝೆನಾನ್ ಕೂಗಿದ್ದು ಇಡೀ ಬೀದಿಗೆ ಕೇಳಿಸುವಂತಿತ್ತು:

"ನನ್ನ ಮದುವೆ ಆಗ್ತೀಯಾ ಅಂದೆ."

ಝೆನಾನ್ ಬಾಯಿ ತೆರೆದುಕೊಂಡೇ ನಿಂತಿದ್ದ, ಕೂಗಿದ್ದನ್ನು ವಾಪಸ್ಸು ಒಳಗೆಳೆದುಕೊಳ್ಳಲು ನೋಡುವವನಂತೆ. ಯಾರೋ ಒಬ್ಬಳು ಮೂಗಿನಲ್ಲಿ ಸೊರ್ರೆಂದಳು. ಅಷ್ಟೇ ಸಾಕಾಯಿತು, ಉಳಿದ ಆರೂ ಹೆಂಗಸರು ಒಟ್ಟಿಗೆ ನಗತೊಡಗಿದರು. ಕುಹಕದ ನಗುವಲ್ಲ, ಕಟ್ಟೆ ಒಡೆದ ನಗು. ದಾರ್ಕಾಳೂ ನಕ್ಕಳು. ನಗುತ್ತಲೇ ಅವಳ ತಲೆ ಗಿರ್ರೆಂದಿತು, ಎದೆ ಢವಢವ ಹೊಡೆದುಕೊಂಡಿತು. ಅವಳು ಉತ್ತರಿಸಲು ಬಾಯಿ ತೆರೆದಳು.

ಕೀಂ, ಎಂದಿತು ಗೋಡೆಯ ಮೇಲಿನ ಡಬ್ಬಿ.

"ಹೊರಗೆ," ಎಂದ ಝೆನಾನ್, ಬೇರೆಯೇ ದನಿಯಲ್ಲಿ. "ಎಲ್ರೂ. ಕೋಟು ಬಿಡಿ, ನಡೀರಿ."

ಬಾಗಿಲನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಎಲ್ಲರನ್ನೂ ಹೊರಗೆ ದಬ್ಬಿದ. ಹೂವಿನ ಕಿರೀಟ, ಕೆಂಪು ಬೂಟು, ತೆಳು ಅಂಗಿಯಲ್ಲಿ ಏಳು ಹೆಂಗಸರು ಹಿಮದಲ್ಲಿ ಓಡಿ ಅವನ ಮನೆ ಸೇರಿದರು. ಅವನು ತಲೆ ಎಣಿಸಿ ಬಾಗಿಲು ಹಾಕಿ ಅಗ್ನಿಶಾಮಕದವರಿಗೆ ಫೋನ್ ಮಾಡಿದ.

ಇಷ್ಟು ವರ್ಷದಲ್ಲಿ ದಾರ್ಕಾ ಆ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಅವಳ ಉಪ್ಪಿನಕಾಯಿ ಬಾಟಲಿಗಳೆಲ್ಲ ತೊಳೆದು ಸಾಲಾಗಿ ಇಟ್ಟಿದ್ದವು. ಒಂದೊಂದರಲ್ಲೂ ಬೇರೆ ಬೇರೆ ಅಳತೆಯ ತಿರುಪು, ಮೊಳೆ, ನಟ್ಟು. ಅವಳು ಅದನ್ನು ನೋಡುತ್ತಾ ಕಂಬಳಿ ಹೊದ್ದು ಕೂತಳು. ತಲೆ ಇನ್ನೂ ತಿರುಗುತ್ತಿತ್ತು. ಈ ಮನುಷ್ಯ ಹಾಗೆ ಕೇಳಿದ್ದೂ ಹೊಗೆಯಿಂದಲೇ ಇರಬೇಕು, ನನಗೆ ಹಾಗಾದದ್ದೂ ಹೊಗೆಯಿಂದಲೇ ಇರಬೇಕು ಎಂದುಕೊಂಡಳು. ಹಾಗೆಂದುಕೊಂಡು, ಯಾಕೋ, ಬಾಟಲಿಗಳ ಕಡೆಯಿಂದ ಮುಖ ತಿರುಗಿಸಿದಳು.

ಅಗ್ನಿಶಾಮಕ ದಳವೆಂದರೆ ಟೈರ್ ಅಂಗಡಿಯ ಮೆಲ್ವಿನ್ ಮತ್ತು ಅವನ ಇಬ್ಬರು ಗೆಳೆಯರು. ಮೆಲ್ವಿನ್ ಚಿಕ್ಕಂದಿನಲ್ಲಿ ದಾರ್ಕಾಳ ಬಸ್ಸಿನ ಹಿಂದಿನ ಸೀಟಿನ ಗಿರಾಕಿ, ಅವಳ ಎದುರು ಈಗಲೂ ಟೋಪಿ ತೆಗೆಯುತ್ತಿದ್ದ. ಗೆಳೆಯರು ಗಾಳಿ ಅಳೆಯುವ ಯಂತ್ರ ಹಿಡಿದು ಗ್ಯಾರೇಜಿಗೆ ಹೋದರು. ಅವನು ರಕ್ತಕ್ಕೆ ಹೊಗೆ ಸೇರಿದೆಯೇ ಎಂದು ಎಲ್ಲರ ಬೆರಳಿಗೂ ಬಟ್ಟೆಯ ಕ್ಲಿಪ್ಪಿನಂಥದ್ದನ್ನು ಸಿಕ್ಕಿಸಿ ನೋಡಿದ.

"ಯಾರಿಗಾದ್ರೂ ತಲೆನೋವು?"

ಯಾರಿಗೂ ಇರಲಿಲ್ಲ.

"ವಾಂತಿ ಬಂದ ಹಾಗೆ?"

"ನಿನ್ನ ಬೂಟಿನ ವಾಸನೆಗೆ ಈಗ ಬರ್ತಿದೆ," ಎಂದಳು ಸ್ಟೆಫ್ಕಾ.

"ತಲೆ ಸುತ್ತು? ಎದೆ ಹೊಡ್ಕೊಳ್ಳೋದು?"

ದಾರ್ಕಾ ಮೆಲ್ಲನೆ ಕೈ ಎತ್ತಿದಳು. ಒಲೆಯ ಬಳಿ ನಿಂತಿದ್ದ ಝೆನಾನ್ ಕೂಡ ಕೈ ಎತ್ತಿದ. ಮೆಲ್ವಿನ್ ಗಾಬರಿಯಾಗಿ ಇಬ್ಬರ ಬೆರಳಿಗೂ ಮತ್ತೊಮ್ಮೆ ಕ್ಲಿಪ್ಪು ಸಿಕ್ಕಿಸಿದ. ಅಷ್ಟರಲ್ಲಿ ಗೆಳೆಯರು ವಾಪಸ್ಸು ಬಂದರು. ಒಬ್ಬನ ಕೈಯಲ್ಲಿ ಆ ಬಿಳಿ ಡಬ್ಬಿ.

"ಒಳಗೆ ಮೂಲೆಮೂಲೆ ನೋಡಿದ್ವಿ, ಗಾಳಿ ಚೆನ್ನಾಗೇ ಇದೆ," ಎಂದ ಅವನು. "ಇದರ ಬ್ಯಾಟರಿ ಸಾಯ್ತಾ ಬಂದಿದೆ ಅಷ್ಟೇ. ಇಷ್ಟು ದಿನ ಆ ಚಳೀಲಿ ನೇತಾಡ್ತಿತ್ತಲ್ಲ. ಬ್ಯಾಟರಿ ಬದಲಾಯ್ಸಿ ಅಂತ ಕೂಗಿದೆ."

"ರಕ್ತದಲ್ಲೂ ಏನಿಲ್ಲ, ಎಲ್ರೂ ಸರಿಯಾಗಿದ್ದೀರಿ," ಎಂದ ಮೆಲ್ವಿನ್. "ಓಡಿಬಂದಿದ್ದೇ ಒಳ್ಳೇದಾಯ್ತು. ಸಂಶಯ ಬಂದಾಗ ಓಡ್ಬೇಕು." ಆಮೇಲೆ ತಲೆ ಕೆರೆದುಕೊಂಡ. "ಆದ್ರೆ ದಾರ್ಕಾ ಮಿಸ್, ಗಾಳೀಲಿ ಏನೂ ಇಲ್ದೇ ನಿಮ್ಮಿಬ್ಬರಿಗೇ ಯಾಕೆ ತಲೆ ಸುತ್ತು ಬಂತು?"

ಸ್ಟೆಫ್ಕಾ ಎದ್ದು ಅವನ ಕೈಗೆ ಟೋಪಿ ಕೊಟ್ಟಳು.

"ನೀನಿನ್ನೂ ಚಿಕ್ಕವನು ಕಣೋ. ಬ್ಯಾಟರಿ ಹಾಕಿ ಹೋಗು."

ಎಲ್ಲರೂ ಹೋದ ಮೇಲೆ ಝೆನಾನ್ ದಾರ್ಕಾಳನ್ನು ಅಂಗಳ ದಾಟಿಸಲು ಬಂದ. ಕಾಲ ಕೆಳಗೆ ಹಿಮ ಕಿರ್ರೆನ್ನುತ್ತಿತ್ತು.

"ಹೊಗೆ ಇರ್ಲಿಲ್ವಂತೆ," ಎಂದಳು ಅವಳು.

"ಹೂಂ. ಇದ್ದಿದ್ರೆ ಅದರ ಮೇಲೆ ಹಾಕ್ಬಹುದಿತ್ತು."

"ಹಾಕ್ಬೇಕು ಅನ್ನಿಸ್ತಿದ್ಯಾ?"

"ಇಲ್ಲ," ಎಂದ. "ಆದ್ರೆ ಅಷ್ಟು ಜೋರಾಗಿ ಕೇಳೋ ಉದ್ದೇಶ ಇರ್ಲಿಲ್ಲ."

ದಾರ್ಕಾ ಮನೆಯ ಬಾಗಿಲ ಚಿಲಕ ಹಿಡಿದು ನಿಂತಳು. "ಮಲಾಂಕಾ ಮುಗೀಲಿ ಮಾರಾಯ. ಎರಡು ಹೆದರಿಕೆ ಒಂದೇ ವಾರಕ್ಕೆ ಬೇಡ," ಎಂದು ಒಳಗೆ ಹೋದಳು. ಹೋಗಿ ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿ, ಅದನ್ನು ಅರ್ಧ ಕುಡಿದ ಮೇಲೆ ಗೊತ್ತಾಗಿ, ಒಬ್ಬಳೇ ನಕ್ಕಳು. ಆ ವಾರವೆಲ್ಲ ಅವಳು ಉತ್ತರವನ್ನು ಹುಡುಕಲಿಲ್ಲ. ಉತ್ತರ ಇತ್ತು. ಅದರ ಜೊತೆ ಓಡಾಡುವುದು ಹೇಗಿರುತ್ತದೆ ಎಂದು ನೋಡುತ್ತಿದ್ದಳು. ಚೆನ್ನಾಗಿಯೇ ಇತ್ತು.

ಭವನದ ಬಾಯ್ಲರ್ ಹಬ್ಬದ ಹಿಂದಿನ ದಿನ ಸರಿಹೋಯಿತು. ಮಲಾಂಕಾ ಸಂಜೆ ಊರಿಗೆ ಊರೇ ಅಲ್ಲಿತ್ತು. ಗ್ಯಾರೇಜಿನ ಚಳಿಗೆ ಪಳಗಿದ ಕಾಲುಗಳು ಬೆಚ್ಚನೆಯ ಮರದ ನೆಲ ಸಿಕ್ಕಿದ್ದೇ ಹುಚ್ಚೆದ್ದವು. ವಾದ್ಯದವರು ಬೆವರಿಳಿಸಿಕೊಂಡು ಅವರ ಹಿಂದೆ ಓಡಬೇಕಾಯಿತು. ಐದನೇ ತಿರುವಿನಲ್ಲಿ ಒಬ್ಬಳ ಕಿರೀಟ ಹಾರಿ ಪಾದ್ರಿಯ ಸೂಪಿನ ಬಟ್ಟಲಿಗೆ ಬಿತ್ತು. ಯಾರೂ ನಿಲ್ಲಲಿಲ್ಲ. ಮುಗಿದಾಗ ನಿರೂಪಕ ವೇದಿಕೆಯಿಂದ ಇಳಿದು ಬಂದು ಸ್ಟೆಫ್ಕಾಳ ಮುಂದೆ ಮಂಡಿಯೂರಿದ. "ಏಳು ಏಳು, ಈಗ ಕಾಲೆತ್ತೋದು ನಿನ್ನ ಪಾಳಿ," ಎಂದಳು ಅವಳು.

ಆಮೇಲೆ ಮೇಕೆಯಾಟ. ಪ್ರತಿ ವರ್ಷ ಒಬ್ಬ ಗಂಡಸು ಮೇಕೆಯ ಮುಖವಾಡ ಹಾಕಿ ಕುಣಿದು, ಸತ್ತಂತೆ ಬೀಳುತ್ತಾನೆ. ಯಾರಾದರೂ ಕಿವಿಯಲ್ಲಿ ಉಸುರಿದರೆ ಜೀವ ಬಂದು ನೆಗೆಯುತ್ತಾನೆ. ಹಾಗೆ ನೆಗೆದರೆ ವರ್ಷ ಚೆನ್ನಾಗಿರುತ್ತದೆ. ಯಾವಾಗಲೂ ಮೇಕೆಯಾಗುತ್ತಿದ್ದವನಿಗೆ ಜ್ವರ. ಸ್ಟೆಫ್ಕಾ ಮುಖವಾಡ ತಂದು, ಒಂದು ಮಾತೂ ಕೇಳದೆ, ಝೆನಾನ್‌ನ ತಲೆಗೆ ತೊಡಿಸಿದಳು. ಅವನು ನಾಲ್ಕು ಸುತ್ತು ಕುಣಿದು ಧೊಪ್ಪನೆ ಬಿದ್ದ. ಸ್ಟೆಫ್ಕಾಳ ಮೊಣಕೈ ದಾರ್ಕಾಳ ಪಕ್ಕೆಗೆ ಚುಚ್ಚಿತು.

ದಾರ್ಕಾ ಹೋಗಿ ಬಗ್ಗಿದಳು. ಕುರಿಯುಣ್ಣೆಯ ಕಿವಿಯನ್ನು ಎತ್ತಿ ಎರಡೇ ಮಾತು ಉಸುರಿದಳು. ಮೇಕೆ ಅಲುಗಲಿಲ್ಲ. ಜನ ಕಾದರು. ಪಿಟೀಲಿನವನು ಕಮಾನು ಎತ್ತಿಕೊಂಡೇ ನಿಂತಿದ್ದ.

"ಏಳೋ, ಎಲ್ರೂ ನೋಡ್ತಿದ್ದಾರೆ."

"ಇನ್ನೊಂದ್ಸಲ ಹೇಳು," ಎಂದಿತು ಮುಖವಾಡದ ಒಳಗಿನ ದನಿ. "ಸರಿಯಾಗಿ ಕೇಳಿಸ್ತೋ ಇಲ್ವೋ ಗೊತ್ತಾಗ್ಬೇಕು."

"ಆಗ್ತೀನಿ ಅಂದೆ. ಮಾರ್ಚಲ್ಲಿ ಅಲ್ಲ, ಉಪವಾಸದ ತಿಂಗಳು. ಈಸ್ಟರ್ ಮುಗಿದ ಮೇಲೆ."

ಮೇಕೆ ನೆಗೆದ ರಭಸಕ್ಕೆ ಕೊಂಬೊಂದು ಕಳಚಿ ದೂರ ಬಿತ್ತು. ವಾದ್ಯದವರು ಒಟ್ಟಿಗೆ ಶುರುಮಾಡಿದರು. ಅವನು ಅವಳನ್ನು ಎತ್ತಿ ಸುತ್ತಿಸಲು ನೋಡಿದ, ಆಗಲಿಲ್ಲ. ಅವಳೇ ಅವನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದಳು. ನೋಡುತ್ತಿದ್ದವರೆಲ್ಲ ಕುರ್ಚಿ ಬದಿಗೆ ತಳ್ಳಿ ಬಂದರು, ಉಳುಕಿದ ಪಾದದ ನಾಡಿಯಾ ಕೂಡ ಕೋಲೂರಿಕೊಂಡು ಬಂದಳು.

ಊಟಕ್ಕೆ ಕೂತಾಗ ಒಂದೇ ಕೊಂಬಿನ ಮುಖವಾಡ ಮೇಜಿನ ಮೇಲಿತ್ತು, ಝೆನಾನ್‌ನ ಕೂದಲು ಬೆವರಿಗೆ ನೆಟ್ಟಗೆ ನಿಂತಿತ್ತು. ಯಾರ ಮನೆಯಲ್ಲಿ ಇರುತ್ತೀರಿ, ಅವಳದರಲ್ಲೋ ಅವನದರಲ್ಲೋ, ನಡುವಿನ ಬೇಲಿ ತೆಗೆಸುತ್ತೀರೋ, ಉಳಿದ ಮನೆ ಬಾಡಿಗೆಗೆ ಕೊಡುತ್ತೀರೋ ಎಂದು ಬಂದವರೆಲ್ಲ ಕೇಳುತ್ತಿದ್ದರು. ಝೆನಾನ್ ಒಬ್ಬೊಬ್ಬರಿಗೂ ಒಂದೊಂದು ಉತ್ತರ ಕೊಡುತ್ತಿದ್ದ. ದಾರ್ಕಾ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅವಳ ಬಾಯಿ ತುಂಬ ಬಿಸಿ ಬಿಸಿ ಕಡುಬಿತ್ತು, ಮತ್ತು ನಗು ನಿಲ್ಲುತ್ತಿರಲಿಲ್ಲ.